ಎಕ್ಸೆಟರ್‌ನ ಚಾವಣಿ, ಬುದಯ್ಯದ ಹಾಲ್‌ನಲ್ಲಿ

ಬಹರೈನ್‌ನ ಬುದಯ್ಯದ ಹೊಸ ಮನೆಯೊಂದರ ಹಾಲ್‌ನಲ್ಲಿ, ಬೆಳಕು ಹರಿಯುವ ಮೊದಲೇ ಮೌರಿಸ್ ತಾವ್ರೊ ಬಕೆಟ್‌ಗೆ ಕೈ ಹಾಕಿ ಚಾವಣಿಯ ಗಾರೆಗೆ ಜಿಪ್ಸಂ ಕಲಸುತ್ತಿದ್ದಾರೆ. ಬಿಸಿಲೇರಿದರೆ ಅದು ಕಲಸುವಾಗಲೇ ಗಟ್ಟಿಯಾಗುತ್ತದೆ. "ಕೈಗೆ ಬಿಸಿ ತಾಗಿದ್ರೆ ಮುಗೀತು, ಬಿಸಾಡ್ಲಿಕ್ಕೇ," ಎನ್ನುತ್ತಾ ಏಣಿ ಹತ್ತುತ್ತಾರೆ.

ಇವತ್ತು ಅವರಿಗೆ ಪರೀಕ್ಷೆ. ಮನೆಯ ಯಜಮಾನ ಝಕರಿಯಾ ಕೇಳಿದ್ದು ಸಪಾಟಾದ ಚಾವಣಿ. ಮೌರಿಸ್ ಕಾಡಿ ಬೇಡಿ, ಒಂದು ಮೂಲೆಯನ್ನು ಮಾತ್ರ ತನ್ನಿಷ್ಟದಂತೆ ಮಾಡಿದ್ದಾರೆ. ಹಿಡಿಸದಿದ್ದರೆ ತಾನೇ ಒಡೆದು ಹಾಕಬೇಕೆಂಬ ಕರಾರು. ಝಕರಿಯಾ ನೋಡಲು ಬರುವುದು ಇವತ್ತೇ.

ಬಂಟ್ವಾಳದ ಕಡೆಯ ಮೌರಿಸ್ ಮೀಸೆ ಚಿಗುರುವ ವಯಸ್ಸಿಗೇ ಬಹರೈನ್‌ಗೆ ಬಂದವರು. ವಾಸ ಸೆಗಯಾದ ಕೋಣೆಯಲ್ಲಿ, ಅಚ್ಚು ಹೊಯ್ಯುವುದು ಟುಬ್ಲಿಯ ಶೆಡ್‌ನಲ್ಲಿ. ಕೈ ಎತ್ತಿ ಎತ್ತಿ ಬಲಭುಜ ಸೋತಿದೆ. ಡಾಕ್ಟರು ಸಾಕು ಎಂದಿದ್ದಾರೆ. ಇದೇ ಕೊನೆಯ ಚಾವಣಿ, ಆಮೇಲೆ ಊರು. ಇವರ ಕೆಲಸದ ಕೆಳಗೆ ಕೂತು ಚಹಾ ಕುಡಿಯುವ ಯಾರಿಗೂ ಇವರ ಹೆಸರು ಗೊತ್ತಿಲ್ಲ. ಅದರ ಬೇಸರ ಅವರ ಕತೆ ಬರೆಯಲು ಬಂದ ನನಗೇ ಹೊರತು ಅವರಿಗಲ್ಲ.

ಕಳೆದ ವರ್ಷ ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳು ಗ್ಲೆನಿಟಾ ಅಪ್ಪನನ್ನು ಕರೆಸಿಕೊಂಡು ಎಕ್ಸೆಟರ್‌ನ ಕೆಥೆಡ್ರಲ್ ತೋರಿಸಿದಳು. ನೂರಾರು ವರ್ಷಗಳ ಹಿಂದಿನ ಇಗರ್ಜಿ. ಕಂಬಗಳಿಂದ ಎದ್ದ ಕಲ್ಲಿನ ಪಟ್ಟಿಗಳು ಹರಡಿಕೊಂಡು ಮೇಲೆ ಒಂದಕ್ಕೊಂದು ಕೂಡುವ ಉದ್ದಾನುದ್ದ ಚಾವಣಿ. ಒಳಗೆ ಕಾಲಿಟ್ಟ ಮೌರಿಸ್ ಮೊದಲು ಮಾಡಿದ್ದು ಶಿಲುಬೆಯ ಗುರುತಲ್ಲ, ಕಂಬಕ್ಕೆ ಗುದ್ದಿದ್ದು!

"ನಮ್ಮ ಜಿಪ್ಸಂ ಕಂಬ ಎಲ್ಲ ಒಳಗೆ ಪೊಳ್ಳಲ್ವಾ ಮಾರಾಯ್ರೇ? ಇದೂ ಹಾಗೇ ಅಂತ ಜೋರು ಕುಟ್ಟಿದೆ. ಬೆರಳು ಊದಿತು. 'ಪಪ್ಪಾ, ಎಂತ ಮಾಡುದು ನೀವು?' ಅಂತ ಗ್ಲೆನಿಟಾ ಬೈದಳು. ಆಮೇಲೆ ಬೆಂಚಿಗೆ ಒರಗಿ ಮೇಲೆ ನೋಡಿದ್ದೇ ನೋಡಿದ್ದು. ಪ್ರಾರ್ಥನೆ ಮಾಡ್ಲಿಕ್ಕೇ ಮರೆತುಹೋಯ್ತು. ಸಾಯುವ ಮೊದಲು ಅಂಥದ್ದೊಂದು ನನ್ನ ಕೈಯಲ್ಲೂ ಆಗ್ಬೇಕು ಅಂತ ಕಂಡಿತು."

ಹೊರಗೆ ಕಾರು ನಿಲ್ಲುತ್ತದೆ. ಮೌರಿಸ್ ಸುತ್ತಿಗೆಯನ್ನು ಕೈಗೆತ್ತಿಕೊಂಡೇ ಕಾಯುತ್ತಾರೆ. ಝಕರಿಯಾ ಒಳಬಂದು, ಮೂಲೆಯಿಂದ ಎದ್ದು ಮೇಲೆ ಹರಡಿಕೊಂಡ ಜಿಪ್ಸಂ ಪಟ್ಟಿಗಳನ್ನು ಕತ್ತೆತ್ತಿ ನೋಡುತ್ತಾರೆ. ಕೊನೆಗೆ ಅರೆಬರೆ ಹಿಂದಿಯಲ್ಲಿ, ಅಜ್ಜನ ತೋಟದ ಖರ್ಜೂರದ ಮರಗಳಡಿ ಮಲಗಿದರೆ ಹೀಗೇ ಕಾಣುತ್ತಿತ್ತು ಎನ್ನುತ್ತಾರೆ. ಹಾಲ್ ಪೂರ್ತಿ ಇದನ್ನೇ ಮಾಡು ಎಂದು ಹೇಳಿ ಕಣ್ಣೊರೆಸಿಕೊಂಡು ಹೊರಡುತ್ತಾರೆ.

ಭುಜದ ಗತಿಯೇನು ಎಂದು ನಾನು ಕೇಳಿದರೆ ಮೌರಿಸ್ ನಗುತ್ತಾ ಮೂಲೆಯತ್ತ ಕೈ ತೋರಿಸುತ್ತಾರೆ.

"ಆ ಇಗರ್ಜಿಯಲ್ಲಿ ಮೇಲೆ ನೋಡಿದಾಗ ನನಗೆ ಕಂಡದ್ದು ನಮ್ಮ ಊರಿನ ತೆಂಗಿನ ಗರಿ, ಇಲ್ಲಿ ಮಾಡಿದ್ದೂ ಅದನ್ನೇ. ಹೇಳ್ಲಿಕ್ಕೆ ಹೋಗ್ಲಿಲ್ಲ. ಅವರ ಮನೆ ಅಲ್ವಾ, ಅವರಿಗೆ ಖರ್ಜೂರವೇ ಇರ್ಲಿ."