ಶನಿವಾರ ತೆರೆಯುವ ಡಬ್ಬಿ

ಮೊನ್ನೆ ಸಂಜೆ ಮೂಡಲಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಮೂವರು ಕುಳಿತಿದ್ದೆವು: ನಾನು, ನನ್ನ ಹೆಂಡತಿ, ಬಾಜೂ ಮನೆಯ ಕಸ್ತೂರಕ್ಕ. ಕಸ್ತೂರಕ್ಕನ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಅವರ ಅಡುಗೆಮನೆಯಲ್ಲಿ ಯಾರೋ ಅಂಟಿನುಂಡಿಗೆಂದು ತಿನ್ನುವ ಅಂಟನ್ನು ಕಾದ ತುಪ್ಪಕ್ಕೆ ಬಿಟ್ಟರು. ಅದು ಚಟಪಟ ಅರಳುವ ಸಪ್ಪಳ ಕೇಳಿತು, ಹಿಂದೆಯೇ ವಾಸನೆ ಬಂತು. ಈ ವಾಸನೆಗೆ ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನನಗೆ ಮಾತ್ರ ಕಿವಿ ಬಿಸಿಯಾಗುತ್ತವೆ.

"ಯಾಕ್ರಿ ಸರ, ಮಾರಿ ಹಿಂಗ ಮಾಡಿದ್ರಿ? ತುಪ್ಪ ಹೊತ್ತೇತೇನು?" ಎಂದಳು ಕಸ್ತೂರಕ್ಕ.

"ತುಪ್ಪಕ್ಕ ಏನಾಗಿಲ್ಲ ಬಿಡವಾ. ಇವರಿಗಿ ಅಂಟಿನ ವಾಸನಿ ಬಂದ್ರ ನಾಚಿಕಿ ಬರ್ತೈತಿ," ಎಂದಳು ನನ್ನ ಹೆಂಡತಿ.

ಕಸ್ತೂರಕ್ಕ ನಂಬಲಿಲ್ಲ. ನೀವೂ ನಂಬಲಿಕ್ಕಿಲ್ಲ. ಆದ್ದರಿಂದ ಹೇಳಿಯೇ ಬಿಡುತ್ತೇನೆ.

ಈಗ ನಾನು ಇಲ್ಲಿಯ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಕಲಿಸುತ್ತೇನೆ. ಹನ್ನೊಂದು ವರ್ಷದ ಹಿಂದೆ ಗೋಕಾಕದ ಒಂದು ಕರದಂಟಿನ ಕಾರ್ಖಾನೆಯಲ್ಲಿ ಅದನ್ನು ಮಾಡುತ್ತಿದ್ದೆ. ಕಾರ್ಖಾನೆ ಎಂದರೆ ಹೊಗೆಗೊಳವಿ, ಸೈರನ್ನು ನೆನೆಯಬೇಡಿ. ಹಿಂದೆ ಒಂದು ಒಲೆಮನೆ, ಮುಂದೆ ಒಂದು ಉದ್ದನೆಯ ಪಡಸಾಲೆ, ಅಲ್ಲಿ ಹದಿನೈದು ಮಂದಿ ಹೆಣ್ಣುಮಕ್ಕಳು. ಬೆಲ್ಲ, ಅಂಟು, ಒಣಕೊಬ್ಬರಿ, ಉತ್ತತ್ತಿ ಕೂಡಿದ ಬಿಸಿ ಪಾಕ ದೊಡ್ಡ ಪರಾತಗಳಲ್ಲಿ ಒಲೆಮನೆಯಿಂದ ಬರುತ್ತಿತ್ತು. ಅದು ಹದಕ್ಕೆ ಆರಿದ ಮೇಲೆ ತುಂಡು ತುಂಡಾಗಿ ವಡಿ ಕೊಯ್ಯಬೇಕು, ತೂಗಬೇಕು, ಪಾಕೀಟಿಗೆ ತುಂಬಬೇಕು. ಇದನ್ನು ನಾನು ಹುಟ್ಟುವ ಮೊದಲಿನಿಂದಲೂ ಮಂದಿ ಮಾಡುತ್ತ ಬಂದಿದ್ದರು. ಆದರೆ ನಾನು ಅಂಚೆಯ ಮೂಲಕ ಡಿಪ್ಲೊಮಾ ಮುಗಿಸಿದ್ದೆ. ಹೀಗಾಗಿ ಅವರಿಗೆ ಮಾಡಲು ಬರುವುದಿಲ್ಲವೆಂದು ನನಗೆ ಖಾತ್ರಿಯಾಗಿತ್ತು.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡುತ್ತಿದ್ದೆ. ಕೊರಳಲ್ಲಿ ನಾನೇ ಮಾಡಿಸಿಕೊಂಡ ಗುರುತಿನ ಕಾರ್ಡು. ಇಡೀ ಕಾರ್ಖಾನೆಯಲ್ಲಿ ಅದು ಇದ್ದದ್ದು ನನ್ನೊಬ್ಬನಿಗೇ. ನನ್ನ ಗುರುತು ಸಿಗದವರು ಅಲ್ಲಿ ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

ಆ ಡಿಪ್ಲೊಮಾದ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಮೇಲೆ ಒಂದು ಚೌಕ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಸಾಲಾಗಿ ಸಣ್ಣ ಸಣ್ಣ ಚೌಕಗಳು. ಬಾಣಗಳೆಲ್ಲ ಕೆಳಮುಖ. ಸಂಸ್ಥೆಯೆಂದರೆ ಯಂತ್ರ, ಮಾತು ಮೇಲಿನಿಂದ ಕೆಳಗೆ ಇಳಿಯಬೇಕು, ಕೆಲಸದವರು ತಮ್ಮತಮ್ಮಲ್ಲಿ ಆಡುವ ಮಾತು ಯಂತ್ರದ ಹಲ್ಲಿಗೆ ಸಿಕ್ಕ ಉಸುಕು: ಇಷ್ಟನ್ನು ಬಾಯಿಪಾಠ ಮಾಡಿದ್ದೆ. ಮುಂದಿನ ಅಧ್ಯಾಯದಲ್ಲಿ ಅದೇ ಪುಸ್ತಕ, ಈ ವಿಚಾರ ಹಳತಾಯಿತು, ಮನುಷ್ಯರು ಯಂತ್ರದ ಬಿಡಿಭಾಗಗಳಲ್ಲ ಎಂದು ಹೇಳಿತ್ತು. ಆ ಅಧ್ಯಾಯ ಪರೀಕ್ಷೆಗೆ ಬರುವುದಿಲ್ಲವೆಂದು ಯಾರೋ ಹೇಳಿದ್ದಕ್ಕೆ ನಾನು ಅದನ್ನು ಓದದೆ ಬಿಟ್ಟಿದ್ದೆ. ಈಗ ಪ್ರತಿ ವರ್ಷ ಹುಡುಗರಿಗೆ ಅದನ್ನೇ ಎರಡು ಸಲ ಹೇಳುತ್ತೇನೆ.

ಪಡಸಾಲೆಯಲ್ಲಿ ಮಾತಿಗೆ ಬರವಿರಲಿಲ್ಲ. ಯಾರ ಸೊಸೆ ಮುನಿಸಿಕೊಂಡಳು, ಫಾಲ್ಸಿಗೆ ನೀರು ಎಷ್ಟು ಬಂತು, ಯಾರ ಎಮ್ಮೆ ಈಯಿತು. ನಾನು ಮೊಬೈಲಿನಲ್ಲಿ ಗಡಿಯಾರ ಹಚ್ಚಿ ಮೂರು ದಿನ ಈ ಮಾತನ್ನು ಅಳೆದೆ. ನಾಲ್ಕನೆಯ ದಿನ ಗೋಡೆಗೆ ಬೋರ್ಡು ಹೊಡೆಸಿದೆ: 'ಕೆಲಸದ ವೇಳೆಯಲ್ಲಿ ಮಾತು ನಿಷೇಧಿಸಿದೆ. ಹೇಳುವುದನ್ನು ಬಾಯಿಯಿಂದ ಹೇಳದೆ ಬರೆದು ಡಬ್ಬಿಯಲ್ಲಿ ಹಾಕತಕ್ಕದ್ದು. ಡಬ್ಬಿಯನ್ನು ಶನಿವಾರ ತೆರೆಯಲಾಗುವುದು.' ಬೋರ್ಡಿನ ಕೆಳಗೆ ಬೀಗ ಹಾಕಿದ ಕಟ್ಟಿಗೆಯ ಡಬ್ಬಿ. ಕೀಲಿ ನನ್ನ ಗುರುತಿನ ಕಾರ್ಡಿನ ಜೊತೆ ಕೊರಳಲ್ಲಿ.

ನೀಲವ್ವ ಎಂಬವಳು ಬೋರ್ಡನ್ನು ನಿಂತು ಓದಿದಳು. ಕುರುಬರ ಮನೆಯ ಹೆಣ್ಣುಮಗಳು, ಬಾಯಿ ಬಹಳ ಚುರುಕು. "ಸರ, ಸೀನು ಬಂದ್ರ?" ಎಂದು ಕೇಳಿದಳು.

"ಸೀನಬಹುದು," ಎಂದೆ, ಉದಾರನಾಗಿ.

"ಸೀನಿದ ಮ್ಯಾಲ ಅಲ್ಲಾ, ಶಿವಾ ಅನ್ನೂದನ್ನ ಚೀಟಿಯೊಳಗ ಬರದ ಹಾಕ್ತೇವಿ ತಗೋರಿ," ಎಂದು ಹೋಗಿ ಕುಳಿತಳು. ಆ ದಿನ ಅಲ್ಲಿ ಆಡಿದ ಕೊನೆಯ ಮಾತು ಅದು.

ಮರುದಿನದಿಂದ ಪಡಸಾಲೆಯಲ್ಲಿ ಸೂಜಿ ಬಿದ್ದರೂ ಕೇಳುವಂತಾಯಿತು. ಕಾರ್ಖಾನೆಯ ಸಾವಕಾರರು ಬಾಗಿಲಲ್ಲಿ ನಿಂತು ನೋಡಿ ಬೆರಗಾದರು. ಬೀಗರನ್ನು, ಅಂಗಡಿಕಾರರನ್ನು ಕರೆತಂದು ತೋರಿಸಿದರು. ನಾನು ಪಕ್ಕದಲ್ಲಿ ನಿಂತು ಸರ್ಕಸ್ಸಿನ ಹುಲಿ ಪಳಗಿಸಿದವನಂತೆ ನಗುತ್ತಿದ್ದೆ.

ಮಮದಾಪುರದಲ್ಲಿ ನಮ್ಮ ಮುತ್ಯಾ, ಅಂದರೆ ಅಜ್ಜ, ಕುರಿ ಕಾಯುತ್ತಿದ್ದ. ರಜೆಯಲ್ಲಿ ಹೋದರೆ ಅವನ ಹಿಂದೆ ಹಿಂದೆ ತಿರುಗುತ್ತಿದ್ದೆ. ಹಿಂಡು ಗದ್ದಲ ಮಾಡುವಾಗ ಅವನು ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿರುತ್ತಿದ್ದ. ಒಮ್ಮೆಲೇ ಸಪ್ಪಳ ನಿಂತರೆ ಮಾತ್ರ ಥಟ್ಟನೆ ಎದ್ದು, "ಏನೋ ಆಗೇತಿ, ನಡಿ ನೋಡೂನು," ಎನ್ನುತ್ತಿದ್ದ. ಇಂಥ ಮುತ್ಯಾನ ಹಿಂದೆ ತಿರುಗಿದ ನನಗೆ ಆ ಪಡಸಾಲೆಯ ಮೌನದಲ್ಲಿ ಏನೂ ಕೇಳಿಸಲಿಲ್ಲ. ಬಹಳ ದಿನಗಳ ಮೇಲೆ ಇದನ್ನು ನೀಲವ್ವನಿಗೆ ಹೇಳಿದೆ. "ಅಂದ್ರ ನಾವು ಕುರಿ ಅಂದಂಗಾತು," ಎಂದು ಅದಕ್ಕೂ ಬೈಸಿಕೊಂಡೆ.

ಮೊದಲ ಶನಿವಾರ ಡಬ್ಬಿ ತೆರೆದೆ. ಮೂರು ಚೀಟಿ. ಒಂದರಲ್ಲಿ ಫ್ಯಾನು ತಿರುಗುವುದಿಲ್ಲ ಎಂದಿತ್ತು. ಇನ್ನೊಂದು ಖಾಲಿ. ಮೂರನೆಯದು ಉರ್ದು ಅಕ್ಷರಗಳಲ್ಲಿತ್ತು. ನನಗೆ ಉರ್ದು ಬಾರದು. ಯಾರನ್ನಾದರೂ ಕೇಳಬಹುದಿತ್ತು. ಆದರೆ ಮ್ಯಾನೇಜರನಾದವನು ಚೀಟಿ ಹಿಡಿದು 'ಇದೇನು ಬರೆದದ್ದು' ಎಂದು ಕೆಲಸದವರ ನಡುವೆ ತಿರುಗಿದರೆ ಏನು ಶೋಭೆ? ನನ್ನ ಹತ್ತಿರ ದೂರು, ಸಲಹೆ, ಇತರೆ ಎಂದು ಮೂರು ಫೈಲುಗಳಿದ್ದವು. ಅದನ್ನು 'ಇತರೆ'ಯಲ್ಲಿ ಹಾಕಿ ಕೈ ಝಾಡಿಸಿಕೊಂಡೆ.

ಮುಂದಿನ ಗುರುವಾರ ಬೀಬಿಜಾನಕ್ಕ ಕೆಲಸಕ್ಕೆ ಬರಲಿಲ್ಲ. ವಡಿ ಕೊಯ್ಯುವವಳು ಅವಳೇ. ನಲವತ್ತೇಳರ ವಯಸ್ಸು, ಹನ್ನೊಂದು ವರ್ಷದ ಕೆಲಸ. ಬೋರ್ಡು ಬರುವ ಮೊದಲು ಅವಳು ಪಾಕದ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ, "ಆತು, ಬರ್ರೆವಾ" ಎಂದು ಕೂಗಿದಳೆಂದರೆ ಉಳಿದವರು ತಕ್ಕಡಿ ಎಳೆದುಕೊಳ್ಳುತ್ತಿದ್ದರು. ಶುಕ್ರವಾರವೂ ಬರಲಿಲ್ಲ, ಶನಿವಾರವೂ ಇಲ್ಲ. ಹೇಳದೆ ಕೇಳದೆ ಮೂರು ದಿನ ತಪ್ಪಿಸಿದವರ ಹೆಸರು ತೆಗೆಯಬೇಕೆಂದು ನಾನೇ ಒಂದು ನಿಯಮ ಮಾಡಿದ್ದೆ. ಹೊಸ ನಿಯಮ, ಅದನ್ನು ಓಡಿಸಿ ನೋಡುವ ಹುರುಪು. ಶನಿವಾರವೇ ಕಾಗದ ಬರೆದೆ: 'ಸದರಿ ನೌಕರರಾದ ತಾವು ಯಾವುದೇ ಪೂರ್ವಸೂಚನೆಯಿಲ್ಲದೆ ಗೈರುಹಾಜರಾಗಿರುವ ಪ್ರಯುಕ್ತ...' ಸಾವಕಾರರು ಸಹಿ ಮಾಡಿದರು. ಗೋಕಾಕದ ಅಂಚೆ ಕಚೇರಿಯಿಂದ ಗೋಕಾಕದ್ದೇ ಒಂದು ಓಣಿಗೆ ರಜಿಸ್ಟರ್ ಮಾಡಿ ಕಳಿಸಿದೆ.

ಮಂಗಳವಾರದ ಹೊತ್ತಿಗೆ ಅಂಗಡಿಗಳಿಂದ ಪಾಕೀಟುಗಳು ತಿರುಗಿ ಬರತೊಡಗಿದವು. ಒಳಗೆಲ್ಲ ಬೆವರು ಹನಿ. ಬೀಬಿಜಾನಕ್ಕನ ಜಾಗದಲ್ಲಿ ನಾನು ಕೂಡಿಸಿದವಳು ಪಾಕ ಬಿಸಿಯಿರುವಾಗಲೇ ಕೊಯ್ದಿದ್ದಳು. ಬಾಜೂ ಕುಳಿತವರು ನೋಡಿದ್ದರು, ತುಂಬಿದ್ದರು, ತುಟಿ ಬಿಚ್ಚಿರಲಿಲ್ಲ. ನಾನು ಪಡಸಾಲೆಗೆ ಹೋಗಿ ರೇಗಿದೆ. "ಈ ಬೀಬಿಜಾನಕ್ಕ ಎಲ್ಲಿಗೆ ಹೋಗಿದ್ದಾಳೆ, ಯಾರಿಗಾದರೂ ಗೊತ್ತೇ?"

ಹದಿನಾಲ್ಕು ಮಂದಿಯೂ ಬೋರ್ಡಿನ ಕಡೆಗೆ ನೋಡಿದರು.

"ಈಗ ಮಾತಾಡಿ, ನಾನೇ ಹೇಳುತ್ತಿದ್ದೇನೆ."

"ಎಷ್ಟ ನಿಮಿಷ ಮಾತಾಡೂದ್ರಿ ಸರ?" ಎಂದಳು ನೀಲವ್ವ. ನನ್ನ ಮುಖ ನೋಡಿ ತಾನೇ ಮುಂದುವರಿಸಿದಳು. "ಹುಕ್ಕೇರಿಗಿ ಹೋಗಿದ್ಲ್ರಿ. ಮಗಳ ಹೆರಿಗಿ. ಗುರುವಾರ ಆಪರೇಶನ್ ಮಾಡ್ತೇವಿ ಅಂತ ಡಾಕ್ಟರು ಮೊದಲ ಹೇಳಿದ್ರು. ಐದ ದಿನ ರಜಾ ಬೇಕಂತ ಬರದ ಹಾಕಿದ್ಲಲ್ರಿ ನಿಮ್ಮ ಡಬ್ಬಿಯೊಳಗ."

"ಅದು ಉರ್ದುವಿನಲ್ಲಿತ್ತು."

"ಆಕಿ ಕಲ್ತದ್ದ ಆ ಸಾಲ್ಯಾಗ್ರಿ. ಯಾವ ಅಕ್ಷರದಾಗ ಬರೀಬೇಕಂತ ಬೋರ್ಡಿನ ಮ್ಯಾಲ ಇಲ್ಲ."

"ಯಾರಾದರೂ ನನಗೆ ಹೇಳಬಾರದಿತ್ತೇ?"

"ಬಾಯಿಲೆ ಹೇಳಬ್ಯಾಡ್ರಿ ಅಂತ ನೀವ ಬರದೀರಿ."

ಆ ಕಟ್ಟಡದಲ್ಲಿ ಹದಿನಾಲ್ಕು ಮಂದಿಗೆ ಗೊತ್ತಿತ್ತು, ಒಲೆಮನೆಯವರಿಗೆ ಗೊತ್ತಿತ್ತು, ಹಾಲು ಹಾಕುವವನಿಗೂ ಗೊತ್ತಿತ್ತು. ಗೊತ್ತಿಲ್ಲದವನೆಂದರೆ ಎಲ್ಲ ಬಾಣಗಳೂ ಹಾದುಹೋಗಬೇಕಾದ ಚೌಕದಲ್ಲಿ ಕೊರಳಿಗೆ ಕೀಲಿ ಕಟ್ಟಿಕೊಂಡು ಕುಳಿತ ನಾನು.

ಆ ಸಂಜೆಯೇ ಬೀಬಿಜಾನಕ್ಕನ ಮನೆಗೆ ಹೋದೆ. ಹಿಂದಿನ ದಿನ ಹುಕ್ಕೇರಿಯಿಂದ ಬಂದಿದ್ದಳು. ಬಂದವಳ ಕೈಗೆ ನನ್ನ ಕಾಗದ ಸಿಕ್ಕಿತ್ತು. ಬಾಗಿಲಲ್ಲಿ ನಿಂತು ನಾನು ತಡವರಿಸುತ್ತ, ತಪ್ಪಾಯಿತು, ಅದು ಹೀಗಾಯಿತು ಎಂದು ಶುರುಮಾಡಿದೆ.

"ಬರದ ಹಾಕ್ರಿ ಸರ. ಶನಿವಾರ ನೋಡ್ತೇನಿ," ಎಂದಳು.

ನಾನು ಚಪ್ಪಲಿ ನೋಡುತ್ತ ನಿಂತೆ. ಅವಳಿಗೇ ಪಾಪ ಅನಿಸಿರಬೇಕು. "ಒಳಗ ಬರ್ರಿ, ಚಹಾ ಕುಡೀರಿ," ಎಂದು ಕರೆದಳು. ಮೊಮ್ಮಗಳು ಹುಟ್ಟಿದ್ದಳಂತೆ, ತಾಯಿ ಮಗು ಸುಖವಾಗಿದ್ದರಂತೆ. ಚಹಾ ಕೊಟ್ಟು ಆ ಕಾಗದ ತಂದು ನನ್ನ ಮುಂದಿಟ್ಟಳು.

"ಓಣ್ಯಾಗಿನ ನಾಲ್ಕ ಮಂದಿ ಕೂಡಿ ಓದಿದ್ರು ಸರ. ನನ್ನ ತಗದ್ರೋ, ಇಟ್ಟಕೊಂಡ್ರೋ ಯಾರಿಗೂ ತಿಳೀಲಿಲ್ಲ. ನನ್ನ ಕಾಗದ ನಿಮಗ ತಿಳೀಲಿಲ್ಲ, ನಿಮ್ಮ ಕಾಗದ ನನಗ ತಿಳೀಲಿಲ್ಲ. ಸಮ ಆತು ಬಿಡ್ರಿ."

ನಾನು ನಕ್ಕೆ. ಅವಳು ನಗಲಿಲ್ಲ.

"ಹನ್ನೊಂದ ವರ್ಷ ಸರ. ಒಂದ ದಿನ ಹೇಳದ ಖಾಡಾ ಮಾಡಿ ಮನ್ಯಾಗ ಉಳದಿಲ್ಲ. ನಮ್ಮ ಮನ್ಯಾವ್ರು ತೀರಕೊಂಡಾಗೂ ಹೇಳಿ ಹೋಗಿದ್ನಿ. ಹೊಸದಾಗಿ ಬಾ ಅಂದ್ರ ನಾ ಬರಂಗಿಲ್ಲ. ಆ ಹನ್ನೊಂದ ವರ್ಷ ಕೊಟ್ರ ಬರ್ತೇನಿ."

ಬುಧವಾರ ಬೆಳಿಗ್ಗೆ ಮೊದಲು ಬೋರ್ಡು ಕಿತ್ತೆ. ಡಬ್ಬಿಯ ಮೊಳೆ ಬಿಗಿಯಾಗಿತ್ತು, ಬರಲಿಲ್ಲ. ಆಮೇಲೆ ಸಾವಕಾರರ ಕೋಣೆಗೆ ಹೋದೆ. 'ತಪ್ಪು ನನ್ನದು, ತೆಗೆಯುವುದಿದ್ದರೆ ನನ್ನನ್ನು ತೆಗೆಯಿರಿ' ಎಂಬ ಮಾತನ್ನು ಮನೆಯಿಂದಲೇ ಹೊಂದಿಸಿಕೊಂಡು ಬಂದಿದ್ದೆ.

ಸಾವಕಾರರು ಎಲ್ಲ ಕೇಳಿದರು. "ಮ್ಯಾನೇಜರ್ ಸಾಹೇಬ್ರ, ನೀವ ಬರದ್ರಿ, ನಾ ಸಹಿ ಮಾಡಿದ್ನಿ. ಈಗ ಹಿಂದಕ್ಕ ತಗೊಂಡ್ರ ನಾಳಿ ನಮ್ಮ ಮಾತ ಯಾರ ಕೇಳ್ತಾರು? ಬರ್ಲಿ, ಬ್ಯಾಡನ್ನಂಗಿಲ್ಲ. ಹೊಸದಾಗಿ ಹೆಸರ ಹಚ್ಚರಿ. ಹಳೇದು ಮುಗೀತು."

ನಾನು ಹೊಂದಿಸಿಕೊಂಡು ಬಂದ ಮಾತು ಹೇಳಲು ಬಾಯಿ ತೆರೆದೆ. "ಹೂಂನ್ರಿ," ಎಂದಿತು ಬಾಯಿ. ನನ್ನ ಶೌರ್ಯ ಇಷ್ಟೇ.

ಪಡಸಾಲೆಗೆ ಬಂದು ನೀಲವ್ವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಬೋರ್ಡು ಕಿತ್ತಿದ್ದೇನೆ, ಇನ್ನು ಎಲ್ಲರೂ ಮಾತಾಡಬಹುದು ಎಂದೂ ಹೇಳಿದೆ. ಯಾರೂ ಆಡಲಿಲ್ಲ. ನಿನ್ನೆಯ ಮೌನ ನನ್ನದಾಗಿತ್ತು. ಇವತ್ತಿನದು ಅವರದು.

ಪಾಕ ಬಂತು. ಹದಿನಾಲ್ಕು ಮಂದಿ ಪರಾತದ ಸುತ್ತ ಕೈಕಟ್ಟಿ ಕುಳಿತರು. ಕೊಯ್ಯಿರಿ ಎಂದು ಯಾರಾದರೂ ಹೇಳಲಿ ಎಂಬಂತೆ. ಹೇಳಲು ನನಗೆ ಹದ ತಿಳಿಯದು. ಎರಡನೆಯ ಪರಾತ ಬಂತು, ಮೂರನೆಯದು ಬಂತು. ಸಾವಕಾರರು ಬಂದು ಬಾಗಿಲಲ್ಲಿ ನಿಂತರು. "ಯಾಕವಾ, ಆರೇತೋ ಇಲ್ಲೋ?" ಎಂದರು. ಸಪ್ಪಳವಿಲ್ಲ. "ಏನರ ಅನ್ರೆವಾ," ಎಂದರು. ಆಗ ನೀಲವ್ವ ಎದ್ದಳು. ಪಾಕೀಟಿನ ಲೇಬಲ್ಲೊಂದನ್ನು ಮಗುಚಿ ಏನೋ ಬರೆದು, ಮಡಚಿ, ಡಬ್ಬಿಯಲ್ಲಿ ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಹದಿನಾಲ್ಕು ಮಂದಿಯೂ ಹಾಕಿ ಹೋಗಿ ಕುಳಿತರು.

"ತಗೀರಿ," ಎಂದರು ಸಾವಕಾರರು ನನಗೆ.

ಶನಿವಾರವಲ್ಲದ ದಿನ ಡಬ್ಬಿ ತೆರೆದದ್ದು ಅದೇ ಮೊದಲು. ಬರೆಯಲು ಬರುವವರು ಒಂದೇ ಹೆಸರು ಬರೆದಿದ್ದರು: ಬೀಬಿಜಾನ. ಬಾರದವರು ಹೆಬ್ಬೆಟ್ಟು ಒತ್ತಿದ್ದರು. ಶಾಯಿ ಎಲ್ಲಿಂದ ತರಬೇಕು? ಪರಾತದ ಅಂಚಿನ ಪಾಕದಲ್ಲಿ ಬೆರಳದ್ದಿ ಒತ್ತಿದ್ದರು. ಚೀಟಿಗಳು ಒಂದಕ್ಕೊಂದು ಹತ್ತಿಕೊಂಡು ಬಿಡಿಸಲು ಬಾರದಾಗಿದ್ದವು.

ಸಾವಕಾರರು ಅಂಥದೊಂದನ್ನು ಬೆಳಕಿಗೆ ಹಿಡಿದು, "ಇದರಾಗ ಏನೈತಿ?" ಎಂದರು.

"ಹನ್ನೊಂದು ವರ್ಷ ತಿರುಗಿ ಕೊಡ್ರಿ ಅಂತ ಐತ್ರಿ."

"ಹೆಬ್ಬಟ್ಟ ಓದಾಕ ಬರ್ತೈತೇನ ನಿಮಗ?"

"ಇವತ್ತ ಬಂತ್ರಿ. ಕಾಗದ ಬರದವ ನಾನು. ತಪ್ಪು ನಂದ್ರಿ," ಎಂದೆ. ಬೆಳಿಗ್ಗೆ ಹೊರಡದ ಮಾತಿನಲ್ಲಿ ಅರ್ಧದಷ್ಟು ಆಗ ಹೊರಬಿತ್ತು.

ಅವರು ನನ್ನನ್ನು ನೋಡಿದರು, ಪರಾತಗಳನ್ನು ನೋಡಿದರು. ಕಾಗದದ ಪ್ರತಿ ತರಿಸಿ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದು ಸಹಿ ಮಾಡಿದರು. ಬೆರಳಿಗೆ ಅಂಟಿದ ಪಾಕವನ್ನು ಧೋತರಕ್ಕೆ ಒರೆಸಿಕೊಳ್ಳುತ್ತ, "ಈಗರ ಹೇಳ್ರೆವಾ, ಆರೇತೇನು?" ಎಂದರು.

"ಯಾವಾಗೋ ಆರೇತ್ರಿ ಸಾವಕಾರ್ರ," ಎಂದಳು ನೀಲವ್ವ. "ಕಲ್ಲ ಆಗೇತಿ."

ಮೂರು ಪರಾತ ಕರದಂಟನ್ನು ಸುತ್ತಿಗೆಯಿಂದ ಒಡೆಯಬೇಕಾಯಿತು. ಮರುದಿನ ಬೀಬಿಜಾನಕ್ಕ ಬಂದಳು. ವರ್ಷ ತುಂಬುವುದರೊಳಗೆ ನಾನು ಆ ಕೆಲಸ ಬಿಟ್ಟು ಮೂಡಲಗಿಗೆ ಬಂದೆ. ಪಾಠ ಮಾಡುವುದು ನನಗೆ ಸುರಕ್ಷಿತ, ಕರದಂಟಿಗೂ.

ಕಸ್ತೂರಕ್ಕನಿಗೆ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವಳು ಒಂದು ತಾಟಿನಲ್ಲಿ ಬಿಸಿ ಉಂಡಿ ತಂದಿಟ್ಟಳು. ಎರಡು ತಿಂದೆ.

ಮರುದಿನ ಮಧ್ಯಾಹ್ನ ನೀಲವ್ವನ ಫೋನು ಬಂತು. ಬೀಬಿಜಾನಕ್ಕ ಆ ವಾರ ನಿವೃತ್ತಳಾದಳಂತೆ. ಪಡಸಾಲೆಯಲ್ಲೇ ಕುರ್ಚಿ ಹಾಕಿ, ಶಾಲು ಹೊದಿಸಿದರಂತೆ. ಸಾವಕಾರರು ಎದ್ದು ನಿಂತು, 'ಇಪ್ಪತ್ತೆರಡು ವರ್ಷ, ನಡುವೆ ಎಲ್ಲೂ ಕಡಿದಿಲ್ಲ' ಎಂದು ಓದಿದರಂತೆ. ಹುಕ್ಕೇರಿಯಿಂದ ಮೊಮ್ಮಗಳೂ ಬಂದಿದ್ದಳಂತೆ. ನೀಲವ್ವ ಅರ್ಧ ತಾಸು ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ.

"ಸರ, ಫೋನಿನ್ಯಾಗ ಅದೀರಿಲ್ರಿ?" ಎಂದು ಒಮ್ಮೆ ಕೇಳಿದಳು.

"ಅದೇನಿ, ಹೇಳವಾ," ಎಂದೆ. ಮುಂದಿನದನ್ನು ಹೇಳತೊಡಗಿದಳು.