ಮೊರೆಯದ ಫ್ಯಾನು

ಲಾರಿ ಡ್ರೈವರ್ ಆಗಿದ್ದ ನಮ್ಮ ದೊಡ್ಡಪ್ಪ ಹೆಂಡತಿಗೆ ಎದುರಾಡಿದವರಲ್ಲ. ಆಗೀಗ ಲಾರಿಯಲ್ಲಿ ಪಕ್ಕದಲ್ಲಿ ಕೂತು ಬರುವ ದೊಡ್ಡಮ್ಮ ಏನೇ ಅಂದರೂ ಜೋರಾಗಿ "ಹೂಂ" ಎನ್ನುತ್ತಿದ್ದರು, ಉಳಿದದ್ದನ್ನು ಗೊಣಗುತ್ತಿದ್ದರು. ಇಂಜಿನ್ ಬೆಲ್ಟಿಗೆ ತಿರುಗುವ ರೇಡಿಯೇಟರ್ ಫ್ಯಾನು ಬಿರುಗಾಳಿಯಂತೆ ಮೊರೆದು ಆ ಗೊಣಗಾಟವನ್ನು ನುಂಗಿಹಾಕುತ್ತಿತ್ತು. ಅವರ ಸಂಸಾರ ನೆಟ್ಟಗೆ ಸಾಗಿದ್ದೇ ಹಾಗೆ.

ದೊಡ್ಡಮ್ಮನ ತಮ್ಮ ಮೆಕ್ಯಾನಿಕ್. ಡೀಸೆಲ್ ಉಳಿಯುತ್ತದೆಂದು ಪುಸಲಾಯಿಸಿ, ಆ ಫ್ಯಾನು ಬಿಚ್ಚಿ ಕರೆಂಟಿನ ಫ್ಯಾನು ಕೂರಿಸಿದ. ಉಳಿತಾಯವಂತೆ, ಮಣ್ಣು! ರೇಡಿಯೇಟರಿನ ನೀರು ಕಾದರಷ್ಟೇ ಅದು ತಿರುಗುತ್ತಿತ್ತು.

ಮರುದಿನ ಬೆಳಿಗ್ಗೆ ಲಾರಿ ಬೀದಿ ದಾಟುವಷ್ಟರಲ್ಲಿ ದೊಡ್ಡಮ್ಮ, "ಸ್ವಲ್ಪ ನಿಧಾನಕ್ಕೆ ಹೋಗಿ" ಎಂದರು.

"ಹೂಂ" ಎಂದ ದೊಡ್ಡಪ್ಪ ಎಂದಿನಂತೆ ಗೊಣಗಿದರು: "ಇವಳಪ್ಪನಿಗೆ ಸೈಕಲ್ ತುಳಿಯೋಕೆ ಬರ್ತಿರ್ಲಿಲ್ಲ, ಇವಳು ನಂಗೆ ಹೇಳ್ಕೊಡೋಕೆ ಬಂದ್ಲು."

ದೊಡ್ಡಮ್ಮ ನಿಧಾನವಾಗಿ ಅವರತ್ತ ತಿರುಗಿದರು. "ಆಮೇಲೆ?"

ಸಂಜೆ ದೊಡ್ಡಪ್ಪ ಗ್ಯಾರೇಜಿಗೆ ಓಡಿದರು. "ಪುಣ್ಯ ಬರುತ್ತೆ ಕಣೋ, ಆ ಹಳೇ ಫ್ಯಾನೇ ಹಾಕ್ಕೊಡು."

ಬಾಮೈದ ತಲೆ ಕೆರೆದುಕೊಂಡ. "ಅಕ್ಕ ಈಗಷ್ಟೇ ಬಂದು ಅದನ್ನ ಗುಜರಿಯವನಿಗೆ ಕೊಡಿಸಿ ಹೋದ್ಲು, ಭಾವ. ನಾಳೆಯಿಂದ ದಿನಾ ಲಾರೀಲೇ ಬರ್ತಾಳಂತೆ. ಇಷ್ಟು ವರ್ಷ ಕೇಳಿಸದೇ ಹೋಗಿದ್ದನ್ನೆಲ್ಲ ನಿಮ್ಮ ಬಾಯಲ್ಲೇ ಮೊದಲಿಂದ ಹೇಳಿಸ್ತಾಳಂತೆ."