ಎರಡು ಸಲ ಬರುವ ಸಾಲು

ಗಾಜಿಪುರದ ಇಂದೂಬಾಯಿಯನ್ನು ಒಂದು ಕೆಮ್ಮು ಹನ್ನೊಂದು ವರ್ಷ ಕಾಡಿತು. ಕೆಮ್ಮಿದ್ದು ಒಂದೇ ಸಲ, ೧೯೯೩ರಲ್ಲಿ, ಮೋಮಿನಪುರದ ಖಮರುದ್ದೀನನ ರೆಕಾರ್ಡಿಂಗ್ ಕೋಣೆಯಲ್ಲಿ. ಅದು ಕ್ಯಾಸೆಟ್ಟಿನಲ್ಲಿ ಉಳಿದುಬಿಟ್ಟಿತು.

ಕ್ಯಾಸೆಟ್ ಮಾಡಿಸುವ ಉಮೇದು ಅವಳದೇ. ಅತ್ತೆಯಿಂದ ಕಲಿತ ಧಾಟಿಯಲ್ಲಿ ಹತ್ತು ದಾಸರ ಪದ. ಯಾವ ಕಂಪನಿಯೂ ಅವಳನ್ನು ಕೇಳಿರಲಿಲ್ಲ, ಅವಳೂ ಯಾವ ಕಂಪನಿಯನ್ನೂ ಕೇಳಲಿಲ್ಲ. ಮೂರನೆಯ ಪದದ ನಡುವೆ ಒಂದು ಸಾಲು ಮುಗಿಯುತ್ತಲೇ ಕೆಮ್ಮು ಬಂತು. ಒಂದಿಷ್ಟು ತಡೆದು, ಅದೇ ಸಾಲನ್ನು ಮತ್ತೆ ಎತ್ತಿಕೊಂಡು ಮುಂದೆ ಹಾಡಿದಳು.

"ಇನ್ನೊಮ್ಮೆ ಮೊದಲಿಂದ ಹೇಳ್ಲೇನ್ರಿ?" ಎಂದು ಆಮೇಲೆ ಕೇಳಿದಳು.

"ಬ್ಯಾಡ್ರಿ ಅಕ್ಕಾರ. ಕರೆಂಟ್ ಹೋಗೂದ್ರಾಗ ಮುಗಸೂಣು. ಯಾರಿಗೂ ಗೊತ್ತಾಗಂಗಿಲ್ಲ," ಎಂದ ಖಮರುದ್ದೀನ್.

ಯಾರಿಗೆ ಗೊತ್ತಾಗದಿದ್ದರೂ ಇಂದೂಬಾಯಿಗೆ ಗೊತ್ತಿತ್ತಲ್ಲ! ಮುನ್ನೂರು ಕ್ಯಾಸೆಟ್ಟನ್ನು ಚೀಲದಲ್ಲಿ ಹೊತ್ತು ಮನೆಮನೆಗೆ ಮಾರಿದಳು. ಕಮಲಾಪುರದಲ್ಲಿದ್ದ ತಂಗಿ ಸರಸ್ವತೀಬಾಯಿಗೂ ಒಂದು ಕೊಟ್ಟಳು. ಅಲ್ಲಿನ ಶನಿವಾರದ ಭಜನೆಯಲ್ಲಿ ಹೆಂಗಸರು ಅದನ್ನು ಹಾಕಿಕೊಂಡು ಜೊತೆಗೆ ದನಿಗೂಡಿಸುತ್ತಿದ್ದರು. ಯಾರಾದರೂ ಹೊಗಳಿದರೆ ಮಾತ್ರ ಇಂದೂಬಾಯಿ, "ಮೂರನೇದ್ದು ಕೇಳಬ್ಯಾಡ್ರಿ" ಎನ್ನುವಳು. ಹಾಗೆಂದ ಮೇಲೆ ಜನ ಮೊದಲು ಅದನ್ನೇ ಕೇಳುತ್ತಿದ್ದರು.

೨೦೦೩ರಲ್ಲಿ ಅವಳಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಮಾತು ಪಿಸುಪಿಸು ಎಂದು ಬರುತ್ತಿತ್ತು, ಹಾಡು ಬರಲೇ ಇಲ್ಲ. ಮನೆಗಳಲ್ಲಿ ಟೇಪ್‌ರೆಕಾರ್ಡರುಗಳೂ ಒಂದೊಂದಾಗಿ ಅಟ್ಟ ಸೇರುತ್ತಿದ್ದವು. ತನ್ನ ದನಿ ಇನ್ನು ಉಳಿಯುವುದಾದರೆ ಸಿಡಿಯಲ್ಲೇ, ಅದಾದರೂ ಕೆಮ್ಮಿಲ್ಲದೆ ಉಳಿಯಲಿ ಎಂದು ಮರುವರ್ಷ ಮತ್ತೆ ಮೋಮಿನಪುರದ ಹಾದಿ ಹಿಡಿದಳು. ಖಮರುದ್ದೀನ್ ಈಗ ಕಂಪ್ಯೂಟರ್ ಇಟ್ಟಿದ್ದ. ಕೆಮ್ಮನ್ನೂ ಎರಡನೆಯ ಸಲ ಬಂದ ಸಾಲನ್ನೂ ಕತ್ತರಿಸಿ, ಪದಗಳಿಗೆ ಒಂದರಿಂದ ಹತ್ತು ನಂಬರ್ ಹಾಕಿ ಎಂಪಿತ್ರೀ ಸಿಡಿ ಮಾಡಿಕೊಟ್ಟ.

ಆ ಶನಿವಾರವೇ ಇಂದೂಬಾಯಿ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದಳು. ತಂಗಿ ಹೊಸದಾಗಿ ಸಿಡಿ ಪ್ಲೇಯರ್ ತಂದಿದ್ದಳು. ಹದಿನಾಲ್ಕು ಹೆಂಗಸರು ಕೂತಿದ್ದರು. ಮೊದಲ ಪದ ಮುಗಿಯಿತು. ಅದರ ಬೆನ್ನಿಗೇ ಕೊನೆಯ ಆರತಿ ಹಾಡು ಬಂತು! ಹತ್ತರ ಮೊದಲ ಅಂಕಿಯೂ ಒಂದೇ ಅಲ್ಲವೇ? ಆ ಬುದ್ಧಿವಂತ ಯಂತ್ರ ಒಂದಾದ ಮೇಲೆ ಎರಡನ್ನು ಬಿಟ್ಟು ಹತ್ತನ್ನು ಎತ್ತಿಕೊಂಡಿತ್ತು. ಆರತಿ ಹಾಡೆಂದರೆ ಭಜನೆ ಮುಗಿಯಿತೆಂದೇ ಲೆಕ್ಕ, ಆಮೇಲೆ ಯಾರೂ ಕೂತಿರುವಂತಿಲ್ಲ. ಎಲ್ಲರೂ ದಡಬಡಿಸಿ ಎದ್ದು ನಿಂತರು. ಸರಸ್ವತೀಬಾಯಿ ಇನ್ನೂ ಬತ್ತಿಯನ್ನೇ ಹೊಸೆದಿರಲಿಲ್ಲ. ಖಾಲಿ ತಟ್ಟೆ ಹಿಡಿದು ಒಳಗೂ ಹೊರಗೂ ಓಡಾಡಿದಳು.

ಇಂದೂಬಾಯಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಉಳಿದದ್ದು ಇದೊಂದು, ಇದೂ ಹೀಗಾಯಿತಲ್ಲ ಎಂದು ಕಣ್ಣು ತುಂಬಿತು. ಹೋಗಿ ಸಿಡಿ ನಿಲ್ಲಿಸಿದಳು.

"ಇನ್ನ ಮುಗೀತು ಬಿಡು ಸರಸೂ," ಎಂದು ಪಿಸುಗುಟ್ಟಿದಳು.

"ಏನ್ ಮುಗೀತಕ್ಕಾ? ಆರತಿ ಇನ್ನೂ ಬೆಳಗಿಲ್ಲ. ಕೂಡ್ರಿ ಎಲ್ಲಾರೂ," ಎಂದಳು ಸರಸ್ವತೀಬಾಯಿ. "ಹನ್ನೊಂದು ವರ್ಷ ಕೇಳೀವಿ. ಇವತ್ತ ನಾವೇ ಹೇಳ್ತೀವಿ."

ತಾಳ ಬಿತ್ತು. ಎರಡನೆಯ ಪದ ಆಯಿತು, ಮೂರನೆಯದು ಶುರುವಾಯಿತು. ಆ ಸಾಲು ಬಂದಾಗ ಇಂದೂಬಾಯಿ ಉಸಿರು ಬಿಗಿಹಿಡಿದಳು. ಹದಿನಾಲ್ಕೂ ಮಂದಿ ಅಲ್ಲಿ ಒಂದಿಷ್ಟು ತಡೆದರು, ಅದೇ ಸಾಲನ್ನು ಮತ್ತೆ ಎತ್ತಿಕೊಂಡರು, ಮುಂದೆ ಹೋದರು.

ಪದ ಮುಗಿದ ಮೇಲೆ ಅವಳಿಗೆ ಕೇಳದೆ ಇರಲಾಗಲಿಲ್ಲ. "ಆ ಸಾಲು ಎರಡು ಸಲ ಯಾಕ ಹೇಳ್ತೀರಿ?"

ಗೋಡೆಗೆ ಒರಗಿ ಕೂತಿದ್ದ ಮುದುಕಿ ಭಾಗೀರಥಿಬಾಯಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅದು ಇರೂದೇ ಹಂಗ ರೀ. ನಮ್ಮ ಸೊಸೆಂದಿರಿಗೂ ಹಂಗೇ ಕಲಿಸೀವಿ."

ಇಂದೂಬಾಯಿಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಸಿಡಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡು, ತಂಗಿಯ ಕೈಯಿಂದ ತಾಳ ಇಸಿದುಕೊಂಡಳು.

"ಹಂಗೇ ಇರ್ಲಿ," ಎಂದಳು. "ನಾಕನೇದ್ದು ಹೇಳ್ರಿ."